ಹೊಂಬಾಳಕ್ಕನ ಕೈ ಮತ್ತು ಅಗಲಬಂಡೆಯ ಕಪ್ಪೆಗಳು

ನಮ್ಮ ಊರಿನ ನದಿ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮಲಗುತ್ತದೆ. ಸೂರ್ಯ ನೆತ್ತಿ ದಾಟಿ ಒಂದು ಗೇಣು ವಾಲಿದನೋ ಇಲ್ಲವೋ, ಮೇಲಿನ ಬಂಡೆಯಿಂದ ಧುಮುಕುವ ನೀರು ಸಣ್ಣಗಾಗಿ, ಎಳೆಯಾಗಿ, ನಿಂತುಬಿಡುತ್ತದೆ. ಮೂರು ತಾಸು ಹಾಗೇ. ಆಮೇಲೆ ಏಳುತ್ತದೆ. ಹೊರಗಿನಿಂದ ಬಂದವರು ಇದು ಯಾಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಉಂಡ ಮೇಲೆ ಯಾರೂ ಮಲಗುವುದಿಲ್ಲವೇ ಎಂದು ನಾವು ಕೇಳುತ್ತೇವೆ. ಅಲ್ಲಿಗೆ ಆ ಮಾತು ಮುಗಿಯುತ್ತದೆ.

ಮಲಗಿದವರ ಪಕ್ಕದಲ್ಲಿ ಗಲಾಟೆ ಮಾಡುವುದು ಮರ್ಯಾದೆಯಲ್ಲವಲ್ಲ. ಹಾಗಾಗಿ ಆ ಮೂರು ತಾಸು ನಮ್ಮಲ್ಲಿ ಹಿಟ್ಟಿನ ಗಿರಣಿ ಓಡುವುದಿಲ್ಲ, ಬಸ್ಸಿನವರು ಹಾರನ್ ಮುಟ್ಟುವುದಿಲ್ಲ, ಮದುವೆಗೆ ಆ ಹೊತ್ತಿನ ಮುಹೂರ್ತ ಇಡುವುದಿಲ್ಲ. ಬೀದಿಯಲ್ಲಿ ಜಗಳಕ್ಕೆ ನಿಂತ ಹೆಂಗಸರು 'ಎದ್ದ ಮೇಲೆ ನೋಡ್ಕೋತೀನಿ' ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗುತ್ತಾರೆ. ಎದ್ದ ಮೇಲೆ ಯಾರಿಗೂ ಜಗಳದ ನೆನಪಿರುವುದಿಲ್ಲ. ನಾನು ಬಟ್ಟೆ ಹೊಲಿಯುವವಳು. ಆ ಹೊತ್ತಿನಲ್ಲಿ ಮಿಷನ್ ತುಳಿಯುವಂತಿಲ್ಲ, ಕೈಯಲ್ಲಿ ಗುಂಡಿಯ ಕಾಜ ಹೊಲಿಯಬಹುದು. ನನ್ನ ಕಾಜಗಳಿಗೆ ಸುತ್ತ ಹತ್ತೂರಿನಲ್ಲಿ ಹೆಸರು ಬಂದಿದ್ದರೆ ಅದರ ಪುಣ್ಯ ನದಿಗೇ ಸಲ್ಲಬೇಕು.

ಆ ಸದ್ದಿಲ್ಲದ ಹೊತ್ತಿನಲ್ಲಿ ಮಾತಾಡುವ ಹಕ್ಕು ಇರುವುದು ಸನ್ನೆಗಪ್ಪೆಗೆ ಮಾತ್ರ. ಹೆಬ್ಬೆರಳಿನಷ್ಟು ಗಾತ್ರ. ಬೆನ್ನು ಒದ್ದೆ ಬಂಡೆಯ ಬಣ್ಣ, ಕಣ್ಣೆದುರೇ ಕೂತಿದ್ದರೂ ಹೊಸಬರಿಗೆ ಕಾಣುವುದಿಲ್ಲ. ನೀರು ಬೀಳುತ್ತಿರುವಾಗ ಆ ಭೋರ್ಗರೆತದಲ್ಲಿ ಇಷ್ಟೇ ಇಷ್ಟು ಪ್ರಾಣಿಯ ಕೂಗು ಯಾರಿಗೆ ಕೇಳಬೇಕು? ಅದಕ್ಕೇ ಗಂಡುಕಪ್ಪೆ ಹಿಂಗಾಲೊಂದನ್ನು ಚಾಚಿ, ಬೆರಳು ಬಿಡಿಸಿ, ನಡುವಿನ ತಿಳಿನೀಲಿ ಪೊರೆಯನ್ನು ಬೀಸಿ ತೋರಿಸುತ್ತದೆ. 'ಇಲ್ಲಿದ್ದೀನಿ ಬಾ' ಎಂದು ಹೆಣ್ಣಿಗೆ, 'ಇದು ನನ್ನ ಜಾಗ' ಎಂದು ಪಕ್ಕದವನಿಗೆ. ಒಂದೇ ಕಾಲಿನಲ್ಲಿ ಸಂಸಾರ, ವ್ಯಾಜ್ಯ ಎರಡನ್ನೂ ನಡೆಸುವ ಜೀವ ಅದು. ಅದರ ಗೊದಮೊಟ್ಟೆಗಳಂತೂ ಬಾಯನ್ನೇ ಬಂಡೆಗೆ ಅಂಟಿಸಿಕೊಂಡು ಕೂರುತ್ತವೆ, ತಲೆಯ ಮೇಲೆ ನದಿಗೆ ನದಿಯೇ ಸುರಿದರೂ ಜಗ್ಗುವುದಿಲ್ಲ. ನದಿ ಮಲಗಿದ ಮೇಲೆ ದೊಡ್ಡವು ಕಾಲು ಮಡಚಿಕೊಂಡು ಕೂಗುತ್ತವೆ. ಟಕ್, ಟಕ್, ಟಕ್‌ಟಕ್ ಎಂದು, ಹುಣಸೆಬೀಜ ಒಂದೊಂದೇ ಹಿತ್ತಾಳೆ ತಟ್ಟೆಗೆ ಬಿದ್ದ ಹಾಗೆ. ಆ ಸದ್ದು ಕೇಳಿಕೊಂಡೇ ನಮ್ಮೂರಿನ ಮಕ್ಕಳು ನಿದ್ದೆ ಕಲಿಯುವುದು.

ಈ ಕಪ್ಪೆಗೆ ಬೇಕಾದದ್ದು ನೀರಲ್ಲ, ನೀರಿನ ತುಂತುರು. ಧುಮುಕುವ ನೀರಿನ ಹನಿ ಎರಚುವ ಐದಾರು ಬಂಡೆಗಳಷ್ಟೇ ಅದರ ಜಗತ್ತು. ಅಲ್ಲಿಂದ ಹತ್ತು ಮಾರು ಮೇಲೆ ಹೋದರೂ ಇಲ್ಲ, ಹತ್ತು ಮಾರು ಕೆಳಗೆ ಬಂದರೂ ಇಲ್ಲ. ದೂರದಿಂದ ಕ್ಯಾಮೆರಾ ಹೊತ್ತು ಬಂದವರು ವಾರಗಟ್ಟಲೆ ಮಂಡಿಯೂರಿ ನೋಡಿ, ಇದು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ, ಇಲ್ಲಿಯೂ ಅಳಿವಿನ ಅಂಚಿನಲ್ಲಿದೆ ಎಂದು ಹೇಳಿ ಹೋದರು. ಇನ್ನೆಲ್ಲೂ ಇಲ್ಲ ಎಂದದ್ದಕ್ಕೆ ನಾವು ನಾವೇ ಹೆತ್ತವರ ಹಾಗೆ ಬೀಗಿದೆವು. ಎರಡನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಂತ ನಾವು ಕಪ್ಪೆಯನ್ನು ಕೈಬಿಟ್ಟವರಲ್ಲ. ಸಂಕ್ರಾಂತಿಯಿಂದ ಮುಂಗಾರಿನವರೆಗೆ, ನದಿ ಮಲಗಿದಾಗ, ತುಂತುರಿಲ್ಲದೆ ಬಂಡೆ ಕಾದ ಹೆಂಚಾಗುತ್ತದೆ. ಆಗ ನಾವೇ ತುಂತುರು. ಬಂಡೆಗಳನ್ನು ಹಂಚಿಕೊಂಡು, ಮನೆಗಳಿಗೆ ಸರದಿಯ ಮೇಲೆ ಪಾಳಿ. ಕೆಳಗಿನ ಮಡುವಿನಿಂದ ತಂಬಿಗೆಯಲ್ಲಿ ನೀರು ತಂದು, ಬಂಡೆ ಆರದ ಹಾಗೆ ಚಿಮುಕಿಸುತ್ತಿರಬೇಕು. ಅದೂ ಬರಿಗೈಯಲ್ಲಿ. ಸೌಟು, ಸೊಪ್ಪು ಯಾವುದೂ ಕೂಡದು. ಬಂಡೆಯ ಕಾವು ಎಷ್ಟೆಂದು ಕೈಗೆ ಗೊತ್ತಾದರೆ ತಾನೇ ನೀರು ಎಷ್ಟೆಂದು ಗೊತ್ತಾಗುವುದು ಎಂದು ಹಿರಿಯರು ಹೇಳಿದ್ದು.

ಇನ್ನು ಹೊಂಬಾಳಕ್ಕನ ವಿಷಯ. ನನ್ನ ಪಕ್ಕದ ಮನೆಯವಳು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಉಪ್ಪಿನಕಾಯಿ ಹಾಕಿ ಬದುಕುತ್ತಿದ್ದಳು. ಮಾವು, ನಿಂಬೆ, ಅಮಟೆ, ನೆಲ್ಲಿ, ಯಾವುದೇ ಆಗಲಿ, ಅವಳ ಜಾಡಿಗೆ ಬಿದ್ದ ಮೇಲೆ ಅದರ ಜಾತಕವೇ ಬದಲಾಗುತ್ತಿತ್ತು. ಅಳತೆ ಗಿಳತೆ ಏನೂ ಇಲ್ಲ. ಉಪ್ಪುನೀರಿಗೆ ಬೆರಳದ್ದಿ ನಾಲಿಗೆಯ ತುದಿಗೆ ತಾಗಿಸಿದರೆ ಎಷ್ಟು ಹರಳು ಹೆಚ್ಚು, ಎಷ್ಟು ಕಡಿಮೆ ಎಂದು ಹೇಳಿಬಿಡುವಳು. ಒಮ್ಮೆ ನಮ್ಮ ಮನೆಯ ಸಾರು ರುಚಿ ನೋಡಿ, 'ಎರಡು ಸಲ ಉಪ್ಪು ಹಾಕಿದ್ದೀಯ ಕಣೇ, ಮೊದಲ್ನೇದು ಮರೆತು' ಎಂದಳು. ನಿಜವೇ ಆಗಿತ್ತು.

ಬಂಡೆಯ ಮೇಲೂ ಅವಳದು ಅಂಥದೇ ಕೈ. ನಾನು ನೀರು ಚಿಮುಕಿಸಿದರೆ ಆಲಿಕಲ್ಲು ಬಿದ್ದ ಹಾಗೆ, ಕಪ್ಪೆಗಳು ಹೆದರಿ ಬಿರುಕು ಸೇರುತ್ತಿದ್ದವು. ಅವಳು ಮಣಿಕಟ್ಟನ್ನು ಒಂದು ಸಲ ತಿರುಗಿಸಿ ಬೆರಳು ಬಿಟ್ಟರೆ ನೀರು ಮಂಜಾಗಿ ಇಳಿಯುತ್ತಿತ್ತು, ಕಪ್ಪೆ ರೆಪ್ಪೆ ಕೂಡ ಮಿಟುಕಿಸುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ನೋಡುತ್ತ ನಿಂತರೆ ಹೊಟ್ಟೆಕಿಚ್ಚೂ ಮರೆತುಹೋಗುತ್ತಿತ್ತು.

ಬಂಡೆಗಳಲ್ಲೆಲ್ಲ ದೊಡ್ಡದು ಅಗಲಬಂಡೆ. ಅದು ಧಾರೆಗೆ ಸ್ವಲ್ಪ ಓರೆಯಾಗಿದೆ, ನೇರ ನೀರು ಬೀಳುವುದಿಲ್ಲ, ಮೈಯ ತುಂಬ ಬೊಗಸೆಯಷ್ಟು ಬೊಗಸೆಯಷ್ಟು ಕುಳಿಗಳು. ಸನ್ನೆಗಪ್ಪೆ ಮೊಟ್ಟೆಯಿಡುವುದು ಆ ಕುಳಿಗಳಲ್ಲಿ ಮಾತ್ರ. ಪಾಳಿಯ ಯಜಮಾನರಾದ ಮಾಳಪ್ಪನವರು ಒಂದು ಸಂಕ್ರಾಂತಿಯ ದಿನ ಎಲ್ಲರನ್ನೂ ಕರೆದು, 'ಇಂಥ ಕೈ ತಿಂಗಳಿಗೆ ಒಂದು ದಿನ ಆ ಬಂಡೆಗೆ ಬಿದ್ರೆ ಏನು ಬಂತು? ಇನ್ನು ಅಗಲಬಂಡೆ ದಿನಾ ಹೊಂಬಾಳವ್ವಂದೇ' ಎಂದರು. ಒಬ್ಬರೂ ಬೇಡವೆನ್ನಲಿಲ್ಲ. ಹೊಂಬಾಳಕ್ಕ ಅವತ್ತು ಮನೆಮನೆಗೂ ಮಾವಿನ ಮಿಡಿ ಕಳಿಸಿದಳು. ತಂಬಿಗೆ ಹೊರುವುದಕ್ಕೆ ನಾನು ಜೊತೆಯಾದೆ. ಅದೇ ವರ್ಷ ಬಸ್‌ಸ್ಟ್ಯಾಂಡಿನ ಹೋಟೆಲಿನವರು ವರ್ಷವಿಡೀ ಉಪ್ಪಿನಕಾಯಿ ಬೇಕೆಂದರು. ಬೇಸಿಗೆಯ ಕಸುಬು ದಿನದ ಕಸುಬಾಯಿತು. ಬೆಳಿಗ್ಗೆ ಜಾಡಿ, ಮಧ್ಯಾಹ್ನ ಬಂಡೆ.

ಕೂಗು ತೆಳ್ಳಗಾಗುತ್ತಿದೆ ಎಂಬುದು ಮೊದಲು ಯಾರ ಗಮನಕ್ಕೂ ಬರಲಿಲ್ಲ. ಪ್ರತಿ ಶಿವರಾತ್ರಿಯ ಮಧ್ಯಾಹ್ನ ಮಾಳಪ್ಪನವರು ಬಂಡೆ ಬಂಡೆಗೂ ಇಳಿದು ಕಪ್ಪೆ ಎಣಿಸುವ ಪದ್ಧತಿ. ನೂರಿಪ್ಪತ್ತು ಇದ್ದದ್ದು ಎಂಬತ್ತಾಯಿತು. ಹೋದ ವರ್ಷ ಚಳಿ ಜಾಸ್ತಿ ಎಂದುಕೊಂಡೆವು. ಎಂಬತ್ತು ಮೂವತ್ತಾದಾಗ ಚಳಿಯ ಮಾತು ಯಾರೂ ಎತ್ತಲಿಲ್ಲ. ತೊಟ್ಟಿಲ ಮಕ್ಕಳು ಮಧ್ಯಾಹ್ನ ಮಲಗದೆ ರಚ್ಚೆ ಹಿಡಿಯತೊಡಗಿದವು.

ಮೂವತ್ತು ಎಣಿಸಿದ ದಿನ, ನದಿ ಎದ್ದ ಮೇಲೆ, ಊರಿಗೆ ಊರೇ ಬಂಡೆಗಳಿಗೆ ಇಳಿಯುವ ಮೆಟ್ಟಿಲ ತಲೆಯಲ್ಲಿರುವ ಕಟ್ಟೆಯ ಹತ್ತಿರ ಸೇರಿತು. ಯಾರ ತಪ್ಪು ಎಂಬುದು ಪ್ರಶ್ನೆ. ಹೊಂಬಾಳಕ್ಕ ಎದ್ದು ನಿಂತಳು. 'ಹೇಳಕ್ಕೆ ಸಂಕಟ ಆಯ್ತದೆ. ಆದ್ರೆ ಕೆಂಚಪ್ಪನ ಕೈ ದಿನಾ ಸೋಪಿನ ನೀರಲ್ಲಿ ನೆನೀತದೆ. ಅದೇ ಕೈ ತಂದು ಬಂಡೆ ಮೇಲೆ ಆಡಿಸಿದ್ರೆ ಕಪ್ಪೆ ಬದುಕ್ತದಾ?' ಎಂದಳು.

ಕೆಂಚಪ್ಪ ನಮ್ಮೂರಿನ ಅಳಿಯ, ಹೋಟೆಲುಗಳ ಬಟ್ಟೆಯನ್ನು ಹಿತ್ತಲ ತೊಟ್ಟಿಯಲ್ಲಿ ಒಗೆದುಕೊಡುವವನು. ನದಿಗೆ ಒಂದು ತೊಟ್ಟು ಸೋಪಿನ ನೀರು ಬಿಟ್ಟವನಲ್ಲ. ಕಪ್ಪೆಯ ಬಂಡೆಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ, ಅದೂ ಅಗಲಬಂಡೆಗಲ್ಲ. ಆದರೆ ಎಲ್ಲರ ಕಣ್ಣು ತನ್ನತ್ತ ತಿರುಗಿದ್ದೇ ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಜನ ಮುಖ ಮುಖ ನೋಡಿಕೊಂಡರು. ಹೇಳಿದವಳು ಹೊಂಬಾಳಕ್ಕ, ಅಂದ ಮೇಲೆ ಇನ್ನೇನು ಬೇಕು? ಅವನ ಪಾಳಿ ಕಿತ್ತುಕೊಂಡರು.

ನಮ್ಮಲ್ಲಿ ಪಾಳಿ ಕಿತ್ತುಕೊಳ್ಳುವುದೆಂದರೆ ಹೊಡೆತವಿಲ್ಲ, ಬಡಿತವಿಲ್ಲ. ಆದರೆ ಆ ಮನೆಗೆ ಯಾರೂ ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ. ಕೆಂಚಪ್ಪನ ಹೆಂಡತಿ ನನ್ನ ಹತ್ತಿರ ಹೊಲಿಯಲು ಕೊಟ್ಟಿದ್ದ ರವಿಕೆಯನ್ನು ವಾಪಸು ಕೇಳಿ ತೆಗೆದುಕೊಂಡು ಹೋದಳು, ಹಾಕಿಕೊಂಡು ಹೋಗುವುದಾದರೂ ಎಲ್ಲಿಗೆ ಎಂದು. ಕೆಂಚಪ್ಪ ಮಾತ್ರ ದಿನಾ ಮಧ್ಯಾಹ್ನ ಬಂದು ಮೇಲಿನ ಮೆಟ್ಟಿಲಲ್ಲಿ ಕೂರುತ್ತಿದ್ದ. ಕೈಗಳನ್ನು ಮಂಡಿಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ನದಿ ಏಳುವವರೆಗೆ ಕೂತಿದ್ದು ಹೋಗುತ್ತಿದ್ದ. ನಾವು ಅವನ ಪಕ್ಕದಲ್ಲೇ ಇಳಿಯುತ್ತಿದ್ದೆವು. ಹೊಂಬಾಳಕ್ಕ ಆ ಕಡೆ ನೋಡುತ್ತಿರಲಿಲ್ಲ.

ಮರುವರ್ಷದ ಶಿವರಾತ್ರಿಗೆ ಹನ್ನೊಂದು ಕಪ್ಪೆ ಸಿಕ್ಕವು. ಹನ್ನೊಂದೇ. ಮಾಳಪ್ಪನವರು ಮೂರು ಸಲ ಎಣಿಸಿ, ಬಂಡೆಯ ಮೇಲೇ ಕೂತು ಅತ್ತರು. ಆ ಹನ್ನೊಂದೂ ಹೋದರೆ ಪ್ರಪಂಚದಲ್ಲೇ ಹೋದ ಹಾಗೆ. ಸೋಪಿನ ದೋಷ ಇನ್ನೂ ಕಳೆದಿಲ್ಲ ಎಂದು ಒಂದಿಬ್ಬರು ಹೇಳಿದರು. ಅವತ್ತಿನಿಂದ ಹೊಂಬಾಳಕ್ಕ ಒಂದು ತಂಬಿಗೆ ಹಾಕುವಲ್ಲಿ ಎರಡು ತಂಬಿಗೆ ಚಿಮುಕಿಸತೊಡಗಿದಳು. ಪ್ರೀತಿ ಹೆಚ್ಚಾದರೂ ಕಷ್ಟವೇ.

ಅದಾಗಿ ಎಂಟು ಹತ್ತು ದಿನಕ್ಕೆ ಅಗಲಬಂಡೆಯ ಒಂದು ಕುಳಿಯಲ್ಲಿ ಮೊಟ್ಟೆ ಕಂಡವು. ನೆನೆದ ಸಾಬಕ್ಕಿಯ ಹಾಗೆ ದುಂಡುದುಂಡಗೆ ಮೂರು ಮುದ್ದೆ. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಎರಡೇ ದಿನದಲ್ಲಿ ಅವು ಸುಕ್ಕಿ, ಸೊರಗಿ, ಬೆಳ್ಳಗಾಗಿದ್ದವು. ಪಕ್ಕದಲ್ಲಿ ಗಂಡುಕಪ್ಪೆ ಕಾವಲು ಕೂತೇ ಇತ್ತು. ಹೊಂಬಾಳಕ್ಕ ಕುಳಿಯ ಮೇಲೆ ಬಗ್ಗಿದವಳು ಎಷ್ಟು ಹೊತ್ತಾದರೂ ತಲೆಯೆತ್ತಲಿಲ್ಲ.

'ಮಾದೇವಿ, ಹಿಂಗೆ ಮುದುಡೋದನ್ನ ನಾನು ದಿನಾ ನೋಡ್ತೀನಿ ಕಣೇ' ಎಂದಳು.

'ಎಲ್ಲಕ್ಕ?'

'ಜಾಡೀಲಿ.'

ಉಪ್ಪು ಬಿದ್ದ ಮಾವಿನ ಹೋಳು ನೀರು ಬಿಟ್ಟು ಮುದುಡುವುದನ್ನು ಅವಳಿಗೆ ಯಾರು ಹೇಳಿಕೊಡಬೇಕು? ಕುಳಿಯ ನೀರಿಗೆ ಬೆರಳದ್ದಿ ನಾಲಿಗೆಗೆ ತಾಗಿಸಿದಳು. ಆಗಿನ ಅವಳ ಮುಖವನ್ನು ನಾನು ಇನ್ನೂ ಮರೆತಿಲ್ಲ. ನನಗೂ ನೋಡು ಎಂದಳು, ನೋಡಿದೆ. ಕಲ್ಲಿನ ರುಚಿ, ನೀರಿನ ರುಚಿ, ಅಷ್ಟೇ. 'ಏನೂ ಇಲ್ವಲ್ಲಕ್ಕ' ಎಂದೆ. 'ನಿಂಗಿಲ್ಲ' ಎಂದಳು. ಆಮೇಲೆ ತನ್ನ ಅಂಗೈ ನೆಕ್ಕಿದಳು, ಬಳೆ ನೆಕ್ಕಿದಳು, ಮಡುವಿನಲ್ಲಿ ಕೈ ತೊಳೆದು ಒರೆಸಿಕೊಳ್ಳುವ ಸೆರಗಿನ ಚುಂಗನ್ನು ಬಾಯಿಗಿಟ್ಟುಕೊಂಡಳು. ಬೆಳಗಿನಿಂದ ಜಾಡಿಯಲ್ಲಿ ಮುಳುಗಿದ ಕೈ, ಉಪ್ಪುನೀರು ಕುಡಿದು ಗರಿಗರಿಯಾದ ಸೆರಗು. ದಿನಕ್ಕೆ ಒಂದು ಚಿಟಿಕೆ ಎಂದುಕೊಂಡರೂ ಎಷ್ಟು ದಿನ, ಎಷ್ಟು ಚಿಟಿಕೆ. ನೇರ ನೀರು ಬೀಳದ ಬಂಡೆ, ಮಳೆ ಬರುವವರೆಗೆ ತೊಳೆದುಹೋಗುವ ದಾರಿಯಿಲ್ಲ. ಇಡೀ ಊರು ಸೇರಿ ಅತ್ಯಂತ ಒಳ್ಳೆಯ ಕೈಯನ್ನು ಆರಿಸಿ, ಅದನ್ನೇ ಮೊಟ್ಟೆಯ ಮೇಲೆ ಆಡಿಸಿದ್ದೆವು.

ಆಗ ನಾನು ಆಡಿದ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. 'ಯಾರಿಗೂ ಗೊತ್ತಿಲ್ಲ, ಬಿಡಕ್ಕ. ಮೈ ಹುಷಾರಿಲ್ಲ ಅಂತ ನಾಳೆಯಿಂದ ಬಂಡೆ ಬಿಟ್ಬಿಡು. ಉಪ್ಪು ಮಳೆಗೆ ತೊಳ್ಕೊಂಡು ಹೋಯ್ತದೆ' ಎಂದೆ.

'ಕೆಂಚಪ್ಪನ ಹೆಸರನ್ನ ಯಾವ ಮಳೆ ತೊಳೀತದೆ?' ಎಂದಳು.

ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ನಾನು ಹಿಂದೆ. ಮೇಲೆ ಕೆಂಚಪ್ಪ ಯಥಾಪ್ರಕಾರ ಕೂತಿದ್ದ. ಕಟ್ಟೆಯ ನೆರಳಿನಲ್ಲಿ ಮಾಳಪ್ಪನವರೂ ಇನ್ನೂ ನಾಲ್ಕೈದು ಜನರೂ ಒರಗಿದ್ದರು. ನದಿ ಮಲಗಿದ ಹೊತ್ತು, ದನಿ ಎತ್ತುವಂತಿಲ್ಲ. ಅವಳು ಪಿಸುದನಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. 'ಕೆಂಚಪ್ಪ, ಸೋಪಲ್ಲ ಕಣಪ್ಪ. ಉಪ್ಪು. ನನ್ ಕೈದು. ಕುಳಿ ತೊಳೆದು ನೀರು ಬದಲಾಯಿಸ್ಬೇಕು, ಈಗ್ಲೇ. ನಾನು ಮುಟ್ಟಂಗಿಲ್ಲ. ನೀನು ಬಾ.'

ಕೆಂಚಪ್ಪ ಏಳಲಿಲ್ಲ. ತನ್ನ ಕೈಗಳನ್ನೇ ನೋಡಿಕೊಳ್ಳುತ್ತ, 'ನನ್ ಕೈಲಿ ಸೋಪದೆ ಅಂದಿದ್ರಲ್ಲಮ್ಮ' ಎಂದ. ಕೋಪದಿಂದ ಹೇಳಿದ್ದಲ್ಲ. ನಿಜವಾಗಿಯೂ ಅವನಿಗೆ ಅನುಮಾನವಿತ್ತು. ಒಂದು ವರ್ಷದಿಂದ ಊರೆಲ್ಲ ಹೇಳಿದ ಮಾತನ್ನು ಅವನೂ ನಂಬಿಬಿಟ್ಟಿದ್ದ.

ಹೊಂಬಾಳಕ್ಕ ಕೆಳಗಿನ ಮೆಟ್ಟಿಲಲ್ಲಿ ಮಂಡಿಯೂರಿದಳು. ತನ್ನ ಕೈ ತಾಗಿಸದೆ, ಬಗ್ಗಿ, ಅವನ ಅಂಗೈಗೆ ನಾಲಿಗೆಯ ತುದಿ ಮುಟ್ಟಿಸಿದಳು. ಮೊದಲು ಬಲಗೈ, ಆಮೇಲೆ ಎಡಗೈ. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ತಪ್ಪು ಹೊರಿಸಿದ್ದು ಅವಳೇ, ಐದಾರು ಗಂಡಸರ ಎದುರಿಗೆ. ಮಾಳಪ್ಪನವರು ತಲೆ ತಗ್ಗಿಸಿದರು. 'ಇಲ್ಲ. ಏನೂ ಇಲ್ಲ. ಚೊಕ್ಕ ನೀರು' ಎಂದಳು ಅವಳು. ದಿನಾ ಮೆಟ್ಟಿಲಿಗೆ ಬರುವ ಮುಂಚೆ ಕೆಂಚಪ್ಪ ಕೆರೆಮಣ್ಣಿನಲ್ಲಿ ಕೈಯುಜ್ಜಿ ಏಳು ನೀರಿನಲ್ಲಿ ತೊಳೆದುಕೊಳ್ಳುತ್ತಿದ್ದನಂತೆ, ಯಾರಾದರೂ ಕರೆದರೆ ಕರೆಯಲಿ ಎಂದು. ಇದನ್ನು ಅವನ ಹೆಂಡತಿ ಆಮೇಲೆ ನನಗೆ ಹೇಳಿದಳು. ಆ ರವಿಕೆಯನ್ನು ಮತ್ತೆ ತಂದು ಕೊಟ್ಟ ದಿನ.

ಅವತ್ತು ಕೆಂಚಪ್ಪ ಅಗಲಬಂಡೆಯ ಒಂದೊಂದು ಕುಳಿಯನ್ನೂ ಬೊಗಸೆ ಬೊಗಸೆಯಾಗಿ ಬರಿದುಮಾಡಿ ಹೊಸ ನೀರು ತುಂಬಿದ. ಮೊಟ್ಟೆಯಿದ್ದ ಕುಳಿಗೆ ಬೆರಳ ತುದಿಯಿಂದ ತೊಟ್ಟು ತೊಟ್ಟಾಗಿ ಬಿಟ್ಟ. ಹೊಂಬಾಳಕ್ಕ ಕೈಯನ್ನು ಹಿಂದೆ ಕಟ್ಟಿಕೊಂಡು, ಎಲ್ಲಿ ಕಾವು ಜಾಸ್ತಿ, ಯಾವ ಮೂಲೆ ಬೇಗ ಆರುತ್ತದೆ, ಎಲ್ಲ ಹೇಳುತ್ತ ನಿಂತಳು. ಮೂರು ಮುದ್ದೆಗಳಲ್ಲಿ ಒಂದು ಉಳಿಯಿತು.

ನದಿ ಎದ್ದ ಮೇಲೆ ಜನ ಸೇರಿದರು. ಅವಳು ನಡೆದದ್ದನ್ನೆಲ್ಲ ಹೇಳಿ, 'ಉಪ್ಪು ತಿಂದೋರು ನೀರು ಕುಡೀಲೇಬೇಕು. ಏನು ಶಿಕ್ಷೆ ಕೊಡ್ತೀರೋ ಕೊಡಿ' ಎಂದಳು.

'ಗೊತ್ತಿಲ್ದೆ ಆದದ್ದು, ಹೊಂಬಾಳವ್ವ. ಬಂಡೆ ಕೊಟ್ಟೋರು ನಾವು' ಎಂದರು ಮಾಳಪ್ಪನವರು.

'ಕಪ್ಪೆಗೆ ಮಾಡಿದ್ದು ಗೊತ್ತಿಲ್ದೆ. ಕೆಂಚಪ್ಪನಿಗೆ ಮಾಡಿದ್ದು ಹಂಗಲ್ಲ. ನಂಗೆ ಗೊತ್ತಿಲ್ಲ ಅಂತ ಗೊತ್ತಿದ್ದೂ ಹೇಳ್ದೆ' ಎಂದಳು. ಅಗಲಬಂಡೆ ಕೆಂಚಪ್ಪನದಾಯಿತು. ಶಿಕ್ಷೆಯನ್ನು ಅವಳೇ ಹಾಕಿಕೊಂಡಳು. ಜಾಡಿಗಳನ್ನು ಹೋಟೆಲಿನವರಿಗೆ ಕೊಟ್ಟು, ಹತ್ತಿ ತಂದು ದೀಪದ ಬತ್ತಿ ಹೊಸೆಯಲು ಕೂತಳು. ಹಪ್ಪಳ ಮಾಡಕ್ಕ ಎಂದರೆ ಅದಕ್ಕೂ ಉಪ್ಪು ಬೇಕು ಎನ್ನುವಳು. ಊರಿನ ಊಟದ ಎಲೆಯ ಮೂಲೆ ಬರಿದಾಯಿತು. ಈಗ ನಾವು ತಿನ್ನುವ ಉಪ್ಪಿನಕಾಯಿಯ ಬಗ್ಗೆ ಮಾತಾಡದಿರುವುದೇ ಲೇಸು.

ಅವಳು ಮಾತ್ರ ಮನೆಯಲ್ಲಿ ಕೂರಲಿಲ್ಲ. ಮಾರನೆಯ ಮಧ್ಯಾಹ್ನದಿಂದಲೇ ಹಿತ್ತಾಳೆ ಬಟ್ಟಲು ಹಿಡಿದು ಮೆಟ್ಟಿಲ ತಲೆಯಲ್ಲಿ ಕೂತಳು. ಪಾಳಿಗೆ ಇಳಿಯುವವರು ಬಟ್ಟಲಿನ ನೀರಿನಲ್ಲಿ ಕೈಯದ್ದಬೇಕು, ಅವಳು ಹುಲ್ಲುಕಡ್ಡಿಯಿಂದ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡು ನೋಡಬೇಕು. ಯಾರೂ ಮಾಡಿದ ನಿಯಮವಲ್ಲ, ಯಾರೂ ಮೀರಲೂ ಇಲ್ಲ. ಮೊದಲ ವಾರವೇ ಮಾಳಪ್ಪನವರನ್ನು ಬೆರಳಿಗಂಟಿದ್ದ ನಶ್ಯಕ್ಕಾಗಿ ವಾಪಸು ಕಳಿಸಿದಳು. ಮದುಮಗನನ್ನು ಅರಿಶಿನಕ್ಕೆ, ಮೇಷ್ಟ್ರನ್ನು ಸೀಮೆಸುಣ್ಣಕ್ಕೆ. ನನಗೆ, 'ಬೆಳಿಗ್ಗೆ ಒಬ್ಬಟ್ಟು ತಟ್ಟಿದ್ಯೇನೇ? ಪಕ್ಕದ ಮನೆಗೆ ಒಂದೂ ಬರ್ಲಿಲ್ಲ' ಎಂದಳು. ಕ್ಯಾಮೆರಾದವರು ಮತ್ತೆ ಬಂದಾಗ ಮೊದಲು ಮುಖ ಸಿಂಡರಿಸಿದರು. ಮೈಗೆ ಹಚ್ಚಿಕೊಂಡಿದ್ದ ಬಿಸಿಲಿನ ಕ್ರೀಮಿಗಾಗಿ ಅವಳು ಹಿಂದೆ ಕಳಿಸಿದ ಮೇಲೆ, ಅವರೂ ಕೈ ತೊಳೆದು ಸಾಲಿನಲ್ಲಿ ನಿಂತರು. ಎಲ್ಲರೂ ಇಳಿದ ಮೇಲೆ ಅವಳು ಹೊಸ ನೀರು ತುಂಬಿ, ತನ್ನ ಕೈಯನ್ನೂ ಅದ್ದಿ ನೋಡುತ್ತಿದ್ದಳು. ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡು, ನೀರು ಚೆಲ್ಲಿ, ಬಟ್ಟಲು ಬೋರಲು ಹಾಕಿ, ಕಟ್ಟೆಗೆ ಒರಗುತ್ತಿದ್ದಳು. ಉಪ್ಪು ಇನ್ನೂ ಇದೆ ಎಂದು ಅರ್ಥ. ನಾಲ್ಕು ವರ್ಷ, ಒಂದು ದಿನವೂ ತಪ್ಪದೆ.

ಈ ಶಿವರಾತ್ರಿಗೆ ಮಾಳಪ್ಪನವರ ಕಣ್ಣು ಮಂಜಾಗಿತ್ತು, ಎಣಿಸಲು ಕೆಂಚಪ್ಪ ಇಳಿದ. ಮೆಟ್ಟಿಲ ಮೇಲೆ ಜನವೋ ಜನ. ಕೆಳಗೆ ಕೂಗು ಎಷ್ಟು ಒತ್ತಾಗಿತ್ತೆಂದರೆ ಒಂದನ್ನು ಇನ್ನೊಂದರಿಂದ ಬಿಡಿಸುವಂತಿರಲಿಲ್ಲ. ಅವನು ಹತ್ತಿ ಬಂದು ಎಲ್ಲರನ್ನೂ ದಾಟಿ ಮೊದಲು ಹೊಂಬಾಳಕ್ಕನ ಎದುರಿಗೆ ನಿಂತ.

'ಎಷ್ಟಪ್ಪ?'

'ನೂರಾ ನಾಲ್ಕು, ಅವ್ವ.'

ಅವಳು ತಲೆಯಾಡಿಸಿದಳು. ಅವತ್ತು ಕೂಡ ತನ್ನ ಕೈ ಅದ್ದಿ, ನೋಡಿ, ನೀರು ಚೆಲ್ಲಲು ಬಟ್ಟಲು ಎತ್ತಿದಾಗ ಕೆಂಚಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಒಂದು ಗುಟುಕು ಕುಡಿದ. 'ಇದ್ರಲ್ಲಿ ಏನೂ ಇಲ್ಲ. ಚೊಕ್ಕ ನೀರು. ಬನ್ನಿ, ಅಗಲಬಂಡೆಗೆ ಇವತ್ತು ನಿಮ್ ಕೈ ಬೀಳ್ಲಿ' ಎಂದ.

ಹೊಂಬಾಳಕ್ಕ ಎದ್ದಳು. ಒಂದು ಮೆಟ್ಟಿಲು ಇಳಿದಳು ಕೂಡ. ಅಲ್ಲೇ ನಿಂತು ಕೆಳಗಿನ ಬಂಡೆಯನ್ನೂ ಅದರ ಮೇಲೆ ಕೂತ ಸಣ್ಣ ಸಣ್ಣ ಬೆನ್ನುಗಳನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿ ಬಂದು ತನ್ನ ಜಾಗದಲ್ಲಿ ಕೂತಳು. 'ನಂಗೆ ಆಸೆ ಅದೆ ಕಣಪ್ಪ, ಬೆಟ್ಟದಷ್ಟು ಅದೆ. ಆದ್ರೆ ನನ್ ಕೈ ಇಲ್ದೇನೆ ನೂರಾ ನಾಲ್ಕು ಆಗವೆ. ನನ್ ಆಸೆಗೆ ಒಂದಾದ್ರೂ ಕಮ್ಮಿ ಆಗೋದು ಬೇಡ' ಎಂದಳು. ಬಟ್ಟಲಿಗಾಗಿ ಕೈ ನೀಡಿದಳು.

ಅವತ್ತಿನ ಎರಡನೆಯ ಸರದಿ ನನ್ನದು. ನೀರು ಬದಲಾಯಿಸಿ ಬಟ್ಟಲನ್ನು ಅವಳ ತೊಡೆಯ ಮೇಲಿಟ್ಟು, ಕೈಯದ್ದಲು ಹೋದೆ. ಅವಳು ಬಟ್ಟಲಿನ ಮೇಲೆ ತಲೆ ತಗ್ಗಿಸಿಕೊಂಡೇ ಇದ್ದಳು, ರೆಪ್ಪೆ ಒದ್ದೆಯಾಗಿತ್ತು. ಕೈಯದ್ದಬೇಡ ಎಂಬಂತೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

'ಇದನ್ನ ಚೆಲ್ಲಿ ಬೇರೆ ನೀರು ತಾ, ಮಾದೇವಿ. ಇದಕ್ಕೆ ಉಪ್ಪು ಬಿತ್ತು' ಎಂದಳು.

ನಾನು ಬಟ್ಟಲು ತೊಳೆದು ತಂದೆ.